ಇಲ್ಲದ ಮದುವೆಗೆ ಜಗಳ

ಮಾಲೂರಲ್ಲಿ ಈಗ ಜನ ನನ್ನನ್ನ ಕಂಡ್ರೆ, ಮುನಿಶಾಮಣ್ಣ ಬುದ್ಧಿವಂತ ಕಣಪ್ಪ, ಫೋನಲ್ಲಿ ದುಡ್ಡು ಹೊಡೆಯೋ ಆ ಕಳ್ಳರ ಕೈಗೆ ಸಿಗಲಿಲ್ಲ ನೋಡು ಅಂತಾರೆ. ಹೋದ ತಿಂಗಳು ಬ್ಯಾಂಕಿನೋರು ಸಂಘದ ಹೆಂಗಸರನ್ನೆಲ್ಲಾ ಸೇರಿಸಿ, ಮೋಸಕ್ಕೆ ಸಿಗದ ಹಾಗೆ ಹೆಂಗಿರಬೇಕು ಅಂತ ನನ್ನ ಕೈಲಿ ಎರಡು ಮಾತಾಡಿಸಿದ್ರು. ಶಾಲು ಬೇರೆ ಹೊದಿಸಿದ್ರು. ನನಗೆ ನಾಚಿಕೆಯಾಗಿಹೋಯ್ತು. ಅದು ಬುದ್ಧಿ ಅಲ್ಲ ಸ್ವಾಮಿ, ಕೋಪ. ನಮ್ಮಕ್ಕನ ಎದೆ ಆಪರೇಷನ್ನಿಗೆ ಅಂತ ಕೂಡಿಟ್ಟಿದ್ದ ದುಡ್ಡು ಪೂರ್ತಿ ಕಳ್ಳರ ಪಾಲಾಗೋದು ತಪ್ಪಿದ್ದು ನನ್ನ ಹಾಳು ಕೋಪದಿಂದ. ಶಾಲು ಹೊದ್ಕೊಂಡು ಇದನ್ನ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ.

ನಾನು ಮೂವತ್ತು ವರ್ಷ ಇಟ್ಟಿಗೆ ಗೂಡಲ್ಲಿ ಮೇಸ್ತ್ರಿಯಾಗಿದ್ದೋನು. ಗೂಡಿಗೆ ಹಾಕಿದ ಬೆಂಕಿಯಾದ್ರೂ ಎರಡು ವಾರಕ್ಕೆ ಆರುತ್ತೆ, ನಿಮ್ಮದು ಆರಲ್ಲ ಅಂತ ನನ್ನ ಹೆಂಡತಿ ಸರಳಾ ಹೇಳ್ತಾನೇ ಇರ್ತಾಳೆ. ನಮ್ಮಕ್ಕ ಕೊಂಡಮ್ಮನ್ನ ಕೊಟ್ಟಿರೋದು ಮುಳಬಾಗಿಲ ಕಡೆ, ಕುರುಡುಮಲೆಗೆ ಹೋಗೋ ದಾರೀಲಿ ಒಂದು ಹಳ್ಳಿಗೆ. ಭಾವ ಮುನಿನಾರಾಯಣಪ್ಪ. ಮೂರೆಕರೆ ಜಮೀನು, ನಾಲ್ಕು ಸೀಮೆಹಸು, ಡೇರಿಗೆ ಹಾಲು ಹಾಕ್ತಾರೆ. ಒಬ್ಬಳೇ ಮಗಳು ಸಹನ, ವೇಮಗಲ್ ಕಡೆ ಫ್ಯಾಕ್ಟರೀಲಿ ಕೆಲಸ. ಮೂರು ವರ್ಷದ ಹಿಂದೆ ಭಾವ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಕೊಂಡ್ರು. ಆ ಮನೆಗೆ ಇಟ್ಟಿಗೆ ಹೋಗಿದ್ದು ನನ್ನ ಗೂಡಿಂದ. ಒಂದೊಂದು ಲೋಡನ್ನೂ ನಾನೇ ನಿಂತು ಆರಿಸಿ ಕಳಿಸಿದ್ದೆ. ಅಂಥಾ ನನ್ನನ್ನ ಊಟಕ್ಕೆ ಎರಡನೇ ಪಂಕ್ತಿಗೆ ಕೂರಿಸಿದ್ರು. ಮೊದಲನೇ ಪಂಕ್ತೀಲಿ ಡೇರಿ ಡೈರೆಕ್ಟರುಗಳು ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಂಡು ತಿಂತಾ ಇದ್ರು, ಹೆಣ್ಣು ಕೊಟ್ಟ ಮನೆಯೋನು ಶಾಮಿಯಾನದ ಕಂಬ ಹಿಡ್ಕೊಂಡು ನಿಂತಿದ್ದೆ. ಅಲ್ಲಿಂದ ಊಟ ಮಾಡದೆ ಎದ್ದು ಬಂದೆ. ಬಸ್ಸಲ್ಲೇ ಭಾವನ ನಂಬರನ್ನ ಫೋನಿಂದ ಅಳಿಸಿ ಹಾಕಿದೆ. ಅಷ್ಟೇ, ಮೂರು ವರ್ಷ ಆ ಕಡೆ ಮುಖ ಹಾಕಲಿಲ್ಲ.

ಈಗ ಹೇಳೋಕೆ ಹೋದ್ರೆ ನನಗೇ ನಗು ಬರುತ್ತೆ. ಅವಾಗ ಬರ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಏಳು ಗಂಟೆ. ಕಾಫಿ ಕುಡೀತಾ ಫೋನ್ ನೋಡಿದ್ರೆ ವಾಟ್ಸಪ್ಪಲ್ಲಿ ಒಂದು ಸಂದೇಶ. ಹೆಸರಿಲ್ಲ, ಬರೀ ನಂಬರು. ಆದ್ರೆ ಪಟ ನೋಡಿದ ಕೂಡ್ಲೇ ಗೊತ್ತಾಯ್ತು, ಭಾವನೂ ಅಕ್ಕನೂ ಹಸು ಮುಂದೆ ನಿಂತಿರೋದು. 'ನಮ್ಮ ಮನೆಯ ಮದುವೆಗೆ ತಾವು ಕುಟುಂಬ ಸಮೇತ ತಪ್ಪದೇ ಬರಬೇಕು' ಅಂತ ಎರಡು ಸಾಲು, ಕೆಳಗೆ ಲಗ್ನಪತ್ರಿಕೆ ಅಂತ ಒಂದು ಫೈಲು.

ನನ್ನ ಮೈಯೆಲ್ಲಾ ಉರಿದುಹೋಯ್ತು. ನೀವೇ ಹೇಳಿ. ನಮ್ಮ ಕಡೆ ಮೊದಲನೇ ಪತ್ರಿಕೆ ದೇವರ ಮುಂದೆ ಇಟ್ರೆ, ಎರಡನೇದು ಸೋದರಮಾವನಿಗೆ. ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೀಬೇಕು. ಹುಡುಗಿ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬರೋನು ಯಾರು? ನಾನು. ಗಂಡು ನೋಡಿದ್ದು ಯಾವಾಗ, ಒಪ್ಪಿದ್ದು ಯಾವಾಗ, ಒಂದು ಮಾತು ಇಲ್ಲ, ಈಗ ಫೋನಲ್ಲಿ ಪತ್ರಿಕೆ ಎಸೆದಿದಾರೆ. ಊರಿಗೆಲ್ಲಾ ಹಂಚೋ ಹ್ಯಾಂಡ್‌ಬಿಲ್ ಥರ ನನಗೂ ಒಂದು.

ಸರಳಾ ಬಂದು ನೋಡಿದ್ಲು. ಗಂಡು ಯಾರು, ಛತ್ರ ಎಲ್ಲಿ, ತೆಗೀರಿ ನೋಡೋಣ ಅಂತ ಒತ್ತೋಕೆ ಬೆರಳು ಚಾಚಿದ್ಲು. ನಾನು ಫೋನ್ ಕಿತ್ಕೊಂಡೆ. ತೆಗೆದು ನೋಡಿದ್ರೆ ಅವರು ಕರೆದ ಹಾಗೆ, ನಾವು ಒಪ್ಕೊಂಡ ಹಾಗೆ ಆಗುತ್ತೆ, ಯಾವ ಕಾರಣಕ್ಕೂ ತೆಗೀಕೂಡದು ಅಂದೆ. ನನ್ನ ಬುದ್ಧಿವಂತಿಕೆ ಅಂತ ಶಾಲು ಹೊದಿಸಿದ್ರಲ್ಲ, ಅದು ಇಷ್ಟೇ. ಆಮೇಲೆ ಮುಕ್ಕಾಲು ಗಂಟೆ ಅವಳ ಮುಂದೆ ಕೂಗಾಡಿದೆ. ಅವಳಿಗೂ ಸಾಕಾಗಿಹೋಯ್ತು.

"ನನ್ನ ಮೇಲೆ ಯಾಕ್ರೀ ಕೂಗ್ತೀರ, ಮದುವೆ ಮಾಡ್ತಿರೋದು ನಾನಾ?" ಅಂದ್ಲು. "ಕೇಳೋದಿದ್ರೆ ಹೋಗಿ ಅವರ ಮುಖ ನೋಡ್ಕೊಂಡು ಕೇಳಿ. ಮೂರು ವರ್ಷದಿಂದ ಅವರ ಪಾಲಿನ ಬೈಗುಳನೆಲ್ಲ ನಾನೇ ತಿಂತಿದೀನಿ."

ಹೋಗೇ ಹೋಗ್ತೀನಿ ಅಂತ ಶರ್ಟು ಹಾಕ್ಕೊಂಡು ಹೊರಟೆ. ಅವಳು ಆ ಮಾತು ಅನ್ನದೇ ಇದ್ದಿದ್ರೆ ನಾನು ಮನೇಲೇ ಕೂತು ಇನ್ನೊಂದು ಕಾಫಿ ಕುಡಿದು ಸುಮ್ಮನಾಗ್ತಿದ್ದೆ. ಅವಳ ಆ ಬಾಯಿಗೆ ನಾನು ಎಷ್ಟು ಋಣಿ ಅಂತ ಅವಳಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ.

ಮಾಲೂರಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಶೇರ್ ಆಟೋ. ದಾರಿ ಪೂರ್ತಿ ಏನೇನು ಬೈಬೇಕು ಅಂತ ಮನಸ್ಸಲ್ಲೇ ಜೋಡಿಸ್ಕೊಂಡು ಹೋದೆ. ಪಕ್ಕದ ಸೀಟಲ್ಲಿ ಟೊಮೊಟೊ ಮಂಡಿಗೆ ಹೋಗೋನೊಬ್ಬ ಕೂತಿದ್ದ. ಏನಣ್ಣ, ಒಬ್ಬನೇ ಮಾತಾಡ್ತಿದೀಯ ಅಂತ ಕೇಳಿದ. ಅವನಿಗೂ ಒಂದು ಸಲ ಎಲ್ಲಾ ಹೇಳಿದೆ, ಅವನು ನನ್ನ ಕಡೆಗೇ ನ್ಯಾಯ ಕೊಟ್ಟ. ಅದರಿಂದ ನನಗೆ ಇನ್ನೂ ಜೋರು ಬಂತು.

ಹತ್ತೂವರೆಗೆ ಭಾವನ ಮನೆ ಗೇಟು ತಳ್ಳಿದೆ. ಭಾವ ಕೊಟ್ಟಿಗೆ ತೊಳೀತಾ ಇದ್ರು. ಯಾವತ್ತೂ ನೀವು ತಾವು ಅಂತ ಮಾತಾಡಿಸ್ತಿದ್ದೋನು ಅವತ್ತು ಏಕವಚನದಲ್ಲೇ ಶುರು ಮಾಡಿದೆ. ನಮ್ಮ ಹುಡುಗೀನ ಯಾರಿಗೆ ಕೊಟ್ಟೆ, ನಾನೇನು ಸತ್ತಿದ್ನಾ, ಒಂದು ಮಾತು ಕೇಳಬಾರದಾ ಅಂತ ಬಾಯಿಗೆ ಬಂದ ಹಾಗೆ ಕೂಗಿದೆ. ಪಕ್ಕದ ಮನೆಯೋರು ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿದ್ರು. ಭಾವ ಕೈಲಿದ್ದ ಪೈಪನ್ನ ಬಿಟ್ಟು ಹಾಗೇ ನಿಂತ್ಕೊಂಡ್ರು. ನೀರು ಅವರ ಕಾಲ ಮೇಲೇ ಹರೀತಿತ್ತು.

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದ್ಲು. ಗೋಡೆ ಹಿಡ್ಕೊಂಡು ಬಂದ್ಲು. ನಾಲ್ಕು ಹೆಜ್ಜೆಗೆ ಎರಡು ಸಲ ನಿಂತ್ಲು. ತೋಳೆಲ್ಲಾ ಸಣಕಲಾಗಿ ಬಳೆ ಮೊಣಕೈವರೆಗೂ ಜಾರ್ತಿತ್ತು, ತುಟಿ ನೀಲಿಗಟ್ಟಿತ್ತು. ನಮ್ಮ ಮನೇಲಿ ಪ್ರೀತಿ ಉಕ್ಕಿದ್ರೆ ಬರೋದು ತೆಲುಗೇ. "ಎಪ್ಪುಡೊಚ್ಚಿನಾವುರಾ?" ಅಂದ್ಲು. ಯಾವಾಗ ಬಂದ್ಯೋ ಅಂತ. ಜಗಳಕ್ಕೆ ಬಂದೋನನ್ನ, ನಿನ್ನೆ ಹೋಗಿ ಇವತ್ತು ಬಂದೋನನ್ನ ಕೇಳೋ ಹಾಗೆ ಕೇಳಿದ್ಲು. ನಾನು ಕೂಗೋದು ಬಿಟ್ಟು ಜಗಲಿ ಮೇಲೆ ಕೂತುಬಿಟ್ಟೆ.

ಭಾವ ಆಮೇಲೆ ಹೇಳಿದ್ರು. ಎದೇಲಿರೋ ವಾಲ್ವು ಕೆಟ್ಟು ಎಂಟು ತಿಂಗಳಾಗಿತ್ತಂತೆ. ಕೋಲಾರದ ಆಸ್ಪತ್ರೇಲಿ ಸೋಮವಾರ ಆಪರೇಷನ್, ಇನ್ನು ತಡ ಮಾಡಿದ್ರೆ ಕಷ್ಟ ಅಂತ ಡಾಕ್ಟರು ಹೇಳಿದ್ರಂತೆ. ಎರಡು ಹಸು ಮಾರಿ, ಸಹನಳ ಪಿಎಫ್ ತೆಗೆದು, ನಾಲ್ಕು ಲಕ್ಷ ಬ್ಯಾಂಕಲ್ಲಿ ಇಟ್ಕೊಂಡಿದ್ರು. ನನಗೆ ಯಾಕೆ ಹೇಳಲಿಲ್ಲ ಅಂದ್ರೆ ಅಕ್ಕನೇ ಬೇಡ ಅಂದಿದ್ಲಂತೆ. ಬಂದ್ರೆ ನನ್ನನ್ನ ನೋಡೋಕೆ ಬರಲಿ, ಕಾಯಿಲೆ ನೋಡೋಕೆ ಬರೋದು ಬೇಡ ಅಂತ. ಅವಳೂ ನಮ್ಮಪ್ಪನ ಮಗಳೇ ಅಲ್ವಾ.

ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದ ಸಹನ ಗಲಾಟೆಗೆ ಎದ್ದು ಬಂದಿದ್ಲು. "ನನಗೆ ಮದುವೆನಾ ಮಾವ? ಯಾರ ಜೊತೆ?" ಅಂತ ನಗ್ತಾನೇ ನನ್ನ ಫೋನ್ ಇಸ್ಕೊಂಡ್ಲು. ನೋಡ್ತಾ ನೋಡ್ತಾ ಅವಳ ನಗು ಹೋಯ್ತು. ಇದನ್ನ ಒತ್ತಿದ್ರಾ ಮಾವ ಅಂತ ಕೇಳಿದ್ಲು. ಇಲ್ಲ ಅಂದೆ. ಅಪ್ಪನ ಕಡೆ ತಿರುಗಿ, ನೀನು ಇಂಥದ್ದು ಏನಾದ್ರೂ ಒತ್ತಿದ್ಯಾ ಅಂದ್ಲು.

ಭಾವ ಒತ್ತಿದ್ರು. ಹಿಂದಿನ ದಿನ ಸಂಜೆ ಬೂಸಾ ಅಂಗಡಿ ಉಮೇಶನ ನಂಬರಿಂದ ಇಂಥದ್ದೇ ಪತ್ರಿಕೆ ಬಂದಿತ್ತಂತೆ. ಗೊತ್ತಿರೋರು ಮದುವೆಗೆ ಕರೆದಾಗ ಪತ್ರಿಕೆ ನೋಡದೇ ಇರೋದು ಮರ್ಯಾದೆ ಅಲ್ಲ ಅಂತ ಒತ್ತಿದ್ರಂತೆ. ಅದು ಏನೇನೋ ಕೇಳ್ತು, ಎಲ್ಲಾದಕ್ಕೂ ಹೂಂ ಹೂಂ ಅಂತ ಒತ್ಕೊಂಡು ಹೋದ್ರಂತೆ. ಪತ್ರಿಕೆ ಬರಲೇ ಇಲ್ಲ, ಫೋನ್ ಮಾತ್ರ ರಾತ್ರಿಯಿಂದ ಬಿಸಿಯಾಗ್ತಿತ್ತಂತೆ. ನೋಡಿ, ಆ ಮನುಷ್ಯ ಮರ್ಯಾದೆ ಕೊಡೋಕೆ ಹೋಗಿ ಸಿಕ್ಕಿಹಾಕ್ಕೊಂಡ್ರು, ನಾನು, ನನಗೆ ಮರ್ಯಾದೆ ಕೊಡಲಿಲ್ಲ ಅಂತ ಮುನಿಸ್ಕೊಂಡು ಬಚಾವಾದೆ.

ಸಹನಳಿಗೆ ಫ್ಯಾಕ್ಟರೀಲಿ ಇದರ ಬಗ್ಗೆ ಮೊದಲೇ ಹೇಳಿದ್ರಂತೆ. ಇದು ಪತ್ರಿಕೆ ಅಲ್ಲ, ಫೋನಿನೊಳಗೆ ಬಂದು ಕೂರೋ ಆ್ಯಪ್ಪು, ಬ್ಯಾಂಕಿಂದ ಬರೋ ಮೆಸೇಜನ್ನೆಲ್ಲಾ ಕಳ್ಳರಿಗೆ ಕಳಿಸುತ್ತೆ, ನಮ್ಮ ಕಣ್ಣಿಗೆ ಕಾಣದ ಹಾಗೂ ಮಾಡುತ್ತೆ, ಫೋನಲ್ಲಿರೋ ನಂಬರಿಗೆಲ್ಲ ನಮ್ಮ ಹೆಸರಲ್ಲೇ ಹೋಗುತ್ತೆ ಅಂತ ಬಿಡಿಸಿ ಹೇಳಿದ್ಲು. ಹೇಳ್ತಾ ಹೇಳ್ತಾನೇ ಭಾವನ ಫೋನ್ ಆಫ್ ಮಾಡಿ, ಸಿಮ್ ಹೊರಗೆ ತೆಗೆದ್ಲು. ನಂಬರಿಗೆಲ್ಲ ಹೋಗುತ್ತೆ ಅಂದ್ಲಲ್ಲ, ಅದು ನನ್ನ ತಲೆಗೆ ಹತ್ತೋಕೆ ಸ್ವಲ್ಪ ಹೊತ್ತಾಯ್ತು. ಅಂದ್ರೆ ಭಾವನ ಫೋನಲ್ಲಿ ನನ್ನ ನಂಬರು ಇನ್ನೂ ಇತ್ತು. ನಾನು ಅಳಿಸಿದ್ದೆ, ಅವರು ಅಳಿಸಿರಲಿಲ್ಲ. ಅವರ ಮುಖ ನೋಡೋಕಾಗದೆ ನಾನು ಹೋಗಿ ಪೈಪಿನ ನೀರು ನಿಲ್ಲಿಸಿದೆ.

ಸಹನ ತನ್ನ ಫೋನಿಂದ ಹತ್ತೊಂಬತ್ತು ಮೂವತ್ತು ಅನ್ನೋ ನಂಬರಿಗೆ ಫೋನ್ ಮಾಡಿದ್ಲು. ಇಂಥಾ ಮೋಸಕ್ಕೆ ಅಂತಲೇ ಸರ್ಕಾರ ಇಟ್ಟಿರೋ ನಂಬರಂತೆ, ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಆ ಕಡೆ ಒಂದು ಹುಡುಗಿ ಕನ್ನಡದಲ್ಲೇ ನಿಧಾನವಾಗಿ, ಗಾಬರಿ ಆಗಬೇಡಿ, ಖಾತೆ ನಂಬರ್ ಹೇಳಿ, ಯಾವ ಬ್ಯಾಂಕು, ಎಷ್ಟೊತ್ತಿಗೆ ಒತ್ತಿದ್ರಿ ಅಂತ ಒಂದೊಂದಾಗಿ ಕೇಳಿ ಬರ್ಕೊಂಡ್ಲು. ಈಗ್ಲೇ ಬ್ಯಾಂಕಿಗೂ ಹೋಗಿ ಅಂದ್ಲು. ಆ ಹುಡುಗಿ ಹೆಸರು ಕೇಳೋಕೆ ನಮಗೆ ತೋಚಲಿಲ್ಲ. ಯಾರ ಮನೆ ಮಗಳೋ, ತಣ್ಣಗಿರಲಿ.

ಅಕ್ಕನ್ನ ಪಕ್ಕದ ಮನೆಯೋರ ಹತ್ರ ಬಿಟ್ಟು, ಸಹನಳ ಸ್ಕೂಟರಲ್ಲಿ ಮೂವರೂ ಮುಳಬಾಗಿಲ ಬ್ಯಾಂಕಿಗೆ ಹೋದ್ವಿ. ಮೂವರು ಹೋಗಬಾರದು, ಗೊತ್ತು, ಪೊಲೀಸು ಸಿಕ್ಕಿದ್ರೆ ದಂಡ ಕಟ್ತೀನಿ ಅಂತಲೇ ಕೂತೆ. ದಾರೀಲಿ ಭಾವ ನನ್ನ ಮುಂದೆ ಕೂತಿದ್ರು. ಅವರ ಭುಜ ಗಟ್ಟಿಯಾಗಿ ಹಿಡ್ಕೊಂಡೆ.

ಬ್ಯಾಂಕಲ್ಲಿ ಸುಬ್ರಮಣಿ ಅಂತ ಒಬ್ಬರು ಕ್ಲರ್ಕು. ಊಟದ ಡಬ್ಬಿ ತೆಗೀತಾ ಇದ್ದೋರು ಅದನ್ನ ಹಾಗೇ ಮುಚ್ಚಿಟ್ಟು ಮೊದಲು ಖಾತೆಯಿಂದ ಫೋನಲ್ಲಿ ದುಡ್ಡು ಹೋಗೋದನ್ನ ಬಂದ್ ಮಾಡಿದ್ರು. ಆಮೇಲೆ ನೋಡಿ ಹೇಳಿದ್ರು, ಬೆಳಿಗ್ಗೆ ಐದು ಗಂಟೆಗೆ ಒಂದು ಲಕ್ಷ ಹೋಗಿದೆ ಅಂತ. ಭಾವ ಕೌಂಟರು ಹಿಡ್ಕೊಂಡ್ರು. ಉಳಿದ ಮೂರು ಲಕ್ಷ ಇತ್ತು. ಫೋನಿನ ದಾರೀಲಿ ಒಂದು ದಿನಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಕಳಿಸೋಕೆ ಬಿಡಲ್ಲ, ಅದಕ್ಕೇ ಉಳಿದಿದೆ ಅಂದ್ರು ಸುಬ್ರಮಣಿ. ನಾಳೆ ಬೆಳಿಗ್ಗೆ ಒಂದು ಲಕ್ಷ, ನಾಡಿದ್ದು ಒಂದು, ಭಾನುವಾರ ಒಂದು ಹೋಗಿರೋದು. ಮೆಸೇಜು ನಿಮಗೆ ಕಾಣ್ತಿರಲಿಲ್ಲ, ದುಡ್ಡು ಕಟ್ಟೋಕೆ ಹೋದಾಗಲೇ ಗೊತ್ತಾಗ್ತಿದ್ದಿದ್ದು ಅಂದ್ರು.

ಸೋಮವಾರ ಆಸ್ಪತ್ರೆ ಕೌಂಟರಲ್ಲಿ ಭಾವ ಕಾರ್ಡು ಕೊಟ್ಟು ನಿಂತಿರೋದು, ಪಕ್ಕದಲ್ಲಿ ಅಕ್ಕ ಗಾಲಿ ಕುರ್ಚೀಲಿ ಕೂತಿರೋದು ನನ್ನ ಕಣ್ಣಿಗೆ ಕಟ್ಟಿತು. ಸುಬ್ರಮಣಿ ಕೈ ಹಿಡ್ಕೊಂಡು ನಮಸ್ಕಾರ ಮಾಡಿಬಿಟ್ಟೆ. ನನ್ನ ಮಗನ ವಯಸ್ಸಿನೋರು, ಅವರು ಮುಜುಗರ ಪಟ್ಕೊಂಡು, ಮುಂದೆ ಯಾರೇ ಕಳಿಸಿದ್ರೂ ಅವರಿಗೆ ಒಂದು ಫೋನ್ ಮಾಡಿ ಕೇಳದೆ ಏನೂ ಒತ್ತಬೇಡಿ ಅಂದ್ರು.

ಫೋನ್ ಮಾಡಿ ಕೇಳೋದು. ಆ ದಿನ ಭಾವನ ನಂಬರಿಂದ ಇನ್ನೂರಕ್ಕೂ ಹೆಚ್ಚು ಜನಕ್ಕೆ ಪತ್ರಿಕೆ ಹೋಗಿತ್ತು. ನೆಂಟರು, ಡೇರಿಯೋರು, ಮೊದಲನೇ ಪಂಕ್ತೀಲಿ ಕೂತಿದ್ದೋರೆಲ್ಲಾ. ಏನಪ್ಪ ನಿನ್ನ ಮಗಳಿಗೆ ಮದುವೆನಾ ಅಂತ ಒಬ್ಬರೂ ಕೇಳಿರಲಿಲ್ಲ. ಬಾಗಿಲಿಗೆ ಬಂದಿದ್ದು ಮಾತು ಬಿಟ್ಟಿದ್ದ ನಾನೊಬ್ಬನೇ.

ಸಂಜೆ ಡೇರಿ ಹತ್ರ ಹಾಲು ಹಾಕೋಕೆ ಊರೆಲ್ಲಾ ಕ್ಯಾನ್ ಹಿಡ್ಕೊಂಡು ಸಾಲು ನಿಂತಿತ್ತು. ಭಾವ ಹಾಲು ಅಳೆಯೋ ಕಟ್ಟೆ ಮೇಲೆ ಹತ್ತಿ ನಿಂತ್ಕೊಂಡ್ರು. ಊರಲ್ಲಿ ತಲೆ ಎತ್ತಿಕೊಂಡು ಓಡಾಡೋ ಮನುಷ್ಯ ಅದು. ನಾನು ಮೋಸ ಹೋದೆ ಕಣ್ರಪ್ಪಾ, ನನ್ನ ಹೆಸರಲ್ಲಿ ಬಂದಿರೋ ಪತ್ರಿಕೆ ತೆಗೀಬೇಡಿ, ತೆಗೆದಿದ್ರೆ ನಾಚಿಕೆ ಪಡದೆ ಈಗಲೇ ನನ್ನ ಮಗಳಿಗೆ ಹೇಳಿ ಅಂದ್ರು. ಸಾಲಲ್ಲಿ ಇಬ್ಬರು ಮೆಲ್ಲಗೆ ಫೋನ್ ತೆಗೆದು ಸಹನಳ ಕೈಗೆ ಕೊಟ್ರು. ಅವರಲ್ಲಿ ಒಬ್ಬ ಡೈರೆಕ್ಟರು ಚನ್ನರಾಯಪ್ಪ. ಅವರಿಬ್ಬರ ಖಾತೆಯಿಂದ ಇನ್ನೂ ಏನೂ ಹೋಗಿರಲಿಲ್ಲ. ನನಗೆ ನನ್ನ ಭಾವನ ಮೇಲೆ ಅವತ್ತು ಬಂದಷ್ಟು ಗೌರವ ಹಿಂದೆ ಯಾವತ್ತೂ ಬಂದಿರಲಿಲ್ಲ.

ಹೋದ ಒಂದು ಲಕ್ಷ ಯಾವುದೋ ಖಾತೇಲಿ ತಡೆದಿದಾರೆ, ಬರುತ್ತೆ ಅಂತಾರೆ, ಇನ್ನೂ ಬಂದಿಲ್ಲ. ಆಪರೇಷನ್ನಿಗೆ ಅಷ್ಟು ದುಡ್ಡನ್ನ ನಾನು ಹಾಕಿದೆ. ಭಾವ ಬೇಡವೇ ಬೇಡ ಅಂದ್ರು. ಇದು ನಿಮಗಲ್ಲ, ಅಕ್ಕನಿಗೆ ತವರಿಂದ ಬಂದಿದ್ದು, ಬೇಡ ಅನ್ನೋಕೆ ನೀವ್ಯಾರು ಅಂತ ಗದರಿಸಿದೆ. ಸೋಮವಾರ ಆಸ್ಪತ್ರೇಲಿ ನರ್ಸು ಒಪ್ಪಿಗೆ ಪತ್ರ ತಂದು, ಗಂಡ ಅಲ್ಲದೆ ಇನ್ನೊಬ್ಬರು ಯಾರಾದ್ರೂ ಸಹಿ ಮಾಡಿ ಅಂದ್ಲು. ಭಾವ ಪೆನ್ನನ್ನ ನನ್ನ ಕೈಗಿಟ್ರು. ಇಟ್ಟಿಗೆ ಲೋಡಿಗೆ ಸಾವಿರಾರು ಸಹಿ ಹಾಕಿರೋ ಕೈಲಿ ಅವತ್ತು ಅಕ್ಕನ ಹೆಸರಿನ ಕೆಳಗೆ ಸಹಿ ಹಾಕಿದೆ.

ಐದು ಗಂಟೆ ಹೊರಗೆ ಬೆಂಚಲ್ಲಿ ಕೂತಿದ್ವಿ. ಸರಳಾನೂ ಬಂದಿದ್ಲು. ದೇವರ ಹೆಸರು ಎಷ್ಟು ಹೇಳಿದ್ನೋ, ಸುಬ್ರಮಣಿ ಹೆಸರೂ, ಆ ಹೆಸರು ಗೊತ್ತಿಲ್ಲದ ಹುಡುಗೀನೂ ಅಷ್ಟೇ ನೆನೆಸ್ಕೊಂಡೆ. ಡಾಕ್ಟರು ಬಂದು ಎಲ್ಲಾ ಚೆನ್ನಾಗಾಯ್ತು ಅಂದಾಗ ಭಾವ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳ್ಲಿ.

ನಾಲ್ಕನೇ ದಿನ ಅಕ್ಕನ್ನ ವಾರ್ಡಿಗೆ ತಂದ್ರು. ತುಟಿಗೆ ಕೆಂಪು ಬಂದಿತ್ತು. ಸರಳಾ ಆ ಬೆಳಿಗ್ಗೆಯ ನನ್ನ ಕೂಗಾಟನೆಲ್ಲ ಹಾವಭಾವ ಮಾಡಿ ತೋರಿಸ್ತಿದ್ಲು. ಅಕ್ಕ ಹೊಲಿಗೆ ನೋಯುತ್ತೆ, ನಗಿಸಬೇಡ್ವೇ ಅಂತ ಎದೆ ಮೇಲೆ ಕೈ ಇಟ್ಕೊಂಡಿದ್ಲು. ಭಾವ, ಪಾಪ, ಹೆಂಗೋ ಆ ನೆಪದಲ್ಲಾದ್ರೂ ರಾಜಿ ಆಯ್ತಲ್ಲ, ಅವನು ರಾಜಿಗೇ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಅಂದ್ರು. ಅಕ್ಕ ತಲೆ ಅಲ್ಲಾಡಿಸಿ ನನ್ನ ಕಡೆ ತಿರುಗಿದ್ಲು.

"ರಾಜಿಗೆ ಬರೋನಾಗಿದ್ರೆ ನೀನು ಒಳ್ಳೇ ದಿನ ನೋಡ್ತಾ ಇನ್ನೂ ಅಲ್ಲೇ ಕೂತಿರ್ತಿದ್ದೆ ಕಣೋ. ಜಗಳ ಅಂತ ತಾನೇ ಅವತ್ತೇ ಎದ್ದು ಬಂದಿದ್ದು."

ಅವಳು ಹೇಳಿದ್ದು ನಿಜ. ಯುಗಾದಿಗೆ ಹೋಗೋಣ, ದೀಪಾವಳಿಗೆ ಹೋಗೋಣ, ಅವರೇ ಮೊದಲು ಕರೀಲಿ ಅಂತ ಮೂರು ವರ್ಷ ಕಳೆದಿದ್ದೆ. ಇನ್ನೊಂದು ತಿಂಗಳು ಹಾಗೇ ಕಳೆದಿದ್ರೆ ಒಂದು ಫೋನ್ ಬಂದಿರೋದು. ಆ ಸುದ್ದಿ ಹೇಳೋಕೆ ಯಾರೂ ಮನೆಗೆ ಬಂದು ಕರೆಯಲ್ಲ, ಫೋನಲ್ಲೇ ಹೇಳ್ತಾರೆ. ಕೇಳಿದ ಕೂಡ್ಲೇ ನಾನು ಸಿಕ್ಕಿದ ಬಸ್ಸು ಹತ್ತಿ ಓಡಿ ಬಂದಿರ್ತಿದ್ದೆ. ಅಕ್ಕನ ಕೈ ಬೆಚ್ಚಗಿತ್ತು, ಸಂಜೆ ನರ್ಸು ಬಂದು ಹೊರಗೆ ಹೋಗಿ ಅನ್ನೋವರೆಗೂ ಹಿಡ್ಕೊಂಡೇ ಕೂತಿದ್ದೆ.